ಬೆಳಗಿನ ಜಾವ ಕೋಳಿ ಒಡ್ಡಿಗೆ (ಗೂಡಿಗೆ) ಏನೋ ನುಗ್ಗಿದೆ, ಕೆಂಪಿಯ ಬೆನ್ನೆಲ್ಲ ಗಾಯ. ಏನು ಮಾಡಲಿ?

ಹೊಳೆಬದಿ ಮನೆ | ತೀರ್ಥಹಳ್ಳಿ ಕಡೆ | ಜುಲೈ 9, ಬೆಳಿಗ್ಗೆ 6:20

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಕೋಳಿಗಳು ಒಂದೇ ಸಮನೆ ಕೂಗಿಕೊಂಡವು. ಮಳೆ ಜೋರಿತ್ತು, ಕರೆಂಟ್ ಇರಲಿಲ್ಲ. ಟಾರ್ಚ್ ಹುಡುಕಿಕೊಂಡು ಓಡುವಷ್ಟರಲ್ಲಿ ಒಂದು ಹೇಂಟೆ ಹೋಗೇಬಿಟ್ಟಿತ್ತು. ಹೊಳೆ ಕಡೆ ದಾರಿಯುದ್ದಕ್ಕೂ ಪುಕ್ಕ ಬಿದ್ದಿದೆ. ಕೆಂಪಿ ಅಂತ ಇನ್ನೊಂದು ಹೇಂಟೆ, ಮೂಲೆಗೆ ತಲೆ ತೂರಿಸಿಕೊಂಡು ಅಲ್ಲಾಡದೆ ಕೂತಿತ್ತು. ಎತ್ತಿಕೊಂಡು ನೋಡಿದರೆ ಬೆನ್ನಿನ ಮೇಲೆ, ಬಾಲದ ಹತ್ತಿರ, ಎರಡು ಬೆರಳಗಲ ಚರ್ಮ ಕಿತ್ತು ಬಂದಿದೆ. ಎಡಗಡೆ ರೆಕ್ಕೆ ಕೆಳಗೆ ಎರಡು ಸಣ್ಣ ತೂತು. ಕಣ್ಣು ಅರ್ಧ ಮುಚ್ಚಿಕೊಂಡೇ ಇದೆ. ನೀರಿಟ್ಟರೆ ಮುಟ್ಟುತ್ತಿಲ್ಲ.

ಅತ್ತೆ ಅರಿಶಿನ ಸುಣ್ಣ ಕಲಸಿ ಮೆತ್ತೋಣ ಅನ್ನುತ್ತಿದ್ದಾರೆ. ಪಕ್ಕದ ಮನೆಯ ಅಣ್ಣ ಹೊಗೆಸೊಪ್ಪು ಅರೆದು ಹಚ್ಚಿ ಅಂದರು. ರಾತ್ರಿ ಬಂದು ಉರುಳು ಕಟ್ಟಿಕೊಡುತ್ತೇನೆ ಅಂತಲೂ ಹೇಳಿದ್ದಾರೆ. ಉರುಳು ಕಟ್ಟಿಸಲು ನನಗೆ ಮನಸ್ಸಿಲ್ಲ. ಉಳಿದಿರುವುದು ಹನ್ನೊಂದು ಕೋಳಿ, ಆರು ಮರಿ. ಅತ್ತೆಯವರು ಕೈಯಾರೆ ಕಾವು ಕೂರಿಸಿ ಸಾಕಿದವು. ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.


ಮಂಕರಿ | ಮಂಡ್ಯ | ಬೆಳಿಗ್ಗೆ 6:31

ಅಕ್ಕಾ, ಮೊದಲು ಬೇರೆ ಕೋಳಿಗಳಿಂದ ದೂರ ಮಾಡಿ. ಕೆಂಪು ಕಂಡರೆ ಬೇರೆಯವು ಬಂದು ಕುಕ್ಕುತ್ತವೆ, ಪ್ರಾಣಿ ಮಾಡಿದ ಗಾಯಕ್ಕಿಂತ ಅದೇ ಹೆಚ್ಚಾಗಿಬಿಡುತ್ತೆ. ಒಂದು ಮಂಕರಿಗೆ ಹಳೇ ಬಟ್ಟೆ ಹಾಸಿ, ಕೋಳಿ ಇಟ್ಟು, ಮೇಲೆ ಗೋಣಿಚೀಲ ಮುಚ್ಚಿ ಒಳಗಡೆ ಇಡಿ. ಕತ್ತಲೆ ಇದ್ದರೆ ಗಾಬರಿ ಇಳಿಯುತ್ತೆ. ಹೊಗೆಸೊಪ್ಪು ಬೇಡವೇ ಬೇಡ.


ಹಳೇ ಪಶುವೈದ್ಯ | ಶಿವಮೊಗ್ಗ | ಬೆಳಿಗ್ಗೆ 7:05

ಕೆಲಸದಿಂದ ನಿವೃತ್ತನಾಗಿದ್ದೇನೆ, ಆದರೂ ದಿನಾ ಒಬ್ಬರಾದರೂ ಇದನ್ನು ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಈಗಿನ ಹೊತ್ತಿಗೆ ಗಾಯಕ್ಕಿಂತ ಆಘಾತ ದೊಡ್ಡ ಶತ್ರು. ಮಂಕರಿಯವರು ಹೇಳಿದ್ದು ಸರಿ: ಕತ್ತಲೆ, ಮೌನ, ಬೆಚ್ಚಗೆ. ಕೋಳಿಯ ಮೈಬಿಸಿ ನಮಗಿಂತ ಜಾಸ್ತಿ, 41ರಿಂದ 42 ಡಿಗ್ರಿ ಸೆಲ್ಸಿಯಸ್. ಮಳೆಯಲ್ಲಿ ನೆಂದು ರಕ್ತವೂ ಹೋದರೆ ಬೇಗ ತಣ್ಣಗಾಗುತ್ತದೆ. ಕರೆಂಟ್ ಇಲ್ಲ ಅಂದಿರಿ. ಒಂದು ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಬುಟ್ಟಿಯ ಒಂದು ಬದಿಗಿಡಿ. ಒಂದೇ ಬದಿಗೆ, ಬೇಡ ಅನಿಸಿದರೆ ಅದು ಆಚೆ ಸರಿಯುವಂತಿರಬೇಕು. ಕೊಕ್ಕು ತೆರೆದು ಏದುಸಿರು ಬಿಡಲು ಶುರುಮಾಡಿದರೆ ಬಿಸಿ ಹೆಚ್ಚಾಯಿತು ಅಂತ.

ರಕ್ತ ಇನ್ನೂ ಜಿನುಗುತ್ತಿದ್ದರೆ ಒಗೆದ ಹತ್ತಿ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಬೇಡಿ. ಒಂದೂವರೆ ಕೆಜಿ ಕೋಳಿಯ ಮೈಯಲ್ಲಿರುವುದೇ ಸುಮಾರು ನೂರು ಮಿಲಿ ರಕ್ತ, ಒಂದು ಸಣ್ಣ ಲೋಟದಷ್ಟು. ನಮಗೆ ನಾಲ್ಕು ಹನಿ ಅನಿಸಿದ್ದು ಅದಕ್ಕೆ ದೊಡ್ಡ ನಷ್ಟ.

ಒಂದು ಗಂಟೆ ಸುಧಾರಿಸಿಕೊಳ್ಳಲಿ, ಆಮೇಲೆ ತೊಳೆಯಿರಿ. ಒಂದು ಲೀಟರ್ ನೀರು ಕುದಿಸಿ, ಒಂದೂವರೆ ಟೀ ಚಮಚ ಉಪ್ಪು ಹಾಕಿ, ಉಗುರುಬೆಚ್ಚಗಾಗಲು ಬಿಡಿ. ಗಾಯದ ಸುತ್ತಲಿನ ಪುಕ್ಕವನ್ನು ಕತ್ತರಿಯಿಂದ ಕತ್ತರಿಸಿ, ಕೀಳಬೇಡಿ. ಸೂಜಿ ತೆಗೆದ ಸಿರಿಂಜಿನಿಂದ ಉಪ್ಪುನೀರು ಹಾಯಿಸುತ್ತಾ ಮಣ್ಣು, ಹೆಪ್ಪುರಕ್ತ, ಗಾಯಕ್ಕೆ ಅಂಟಿದ ಪುಕ್ಕದ ಚೂರು ಎಲ್ಲ ಹೋಗುವ ತನಕ ತೊಳೆಯಿರಿ. ಪುಕ್ಕದ ಒಂದು ಎಳೆ ಒಳಗುಳಿದರೂ ಗಾಯ ಮಾಯುವುದಿಲ್ಲ. ನಂತರ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲು ಹಾಕದ ತಿಳಿ ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ತೆಳುಮಾಡಿ ಒಮ್ಮೆ ಹಾಯಿಸಿ. ಸುಣ್ಣ ಚರ್ಮವನ್ನು ಸುಡುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಹಸಿ ಗಾಯದಿಂದ ನೇರ ಮೈಗೆ ಏರುತ್ತದೆ, ಹಕ್ಕಿಗೆ ಅದು ವಿಷ. ಸೀಮೆಎಣ್ಣೆಯೂ ಬೇಡ.

ನನಗೆ ಹೆಚ್ಚು ಚಿಂತೆ ಇರುವುದು ರೆಕ್ಕೆ ಕೆಳಗಿನ ಆ ಎರಡು ತೂತುಗಳ ಬಗ್ಗೆ. ಬೆನ್ನಿನದು ನೋಡಲು ಭಯಂಕರ, ಆದರೆ ಕೋಳಿಯ ಚರ್ಮ ತೆಳು, ಅಷ್ಟಗಲ ಹೋದರೂ ಅಂಚಿನಿಂದ ಒಳಗೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೂತು ಹಾಗಲ್ಲ, ಅದು ಹಲ್ಲು ಇಳಿದ ಗುರುತು. ಬೆಕ್ಕಿನ ಜಾತಿಯ ಪ್ರಾಣಿಗಳ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮೇಲೆ ಸಾಸಿವೆಕಾಳಿನಷ್ಟು ತೂತು ಕಂಡರೂ ಒಳಗೆ ಒಂದೆರಡು ದಿನದಲ್ಲಿ ನಂಜಾಗಿ ಕೋಳಿ ಸಾಯಬಹುದು. ಇದಕ್ಕೆ ಆಂಟಿಬಯಾಟಿಕ್ ಬೇಕು, ಇವತ್ತೇ ಬೇಕು. ಯಾವುದು, ಎಷ್ಟು ಅನ್ನುವುದನ್ನು ತೂಕ ನೋಡಿ ಪಶು ಆಸ್ಪತ್ರೆಯಲ್ಲಿ ಹೇಳುತ್ತಾರೆ. ಹೋಗಲಾಗದಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆಮಾಡಿ ಕೇಳಿ. ಒಂದು ಕೋಳಿಗೆ ಯಾಕೆ ಅಂತ ಸಂಕೋಚ ಪಡಬೇಡಿ.

ಇನ್ನೊಂದು ಮಾತು. ಬಾಯಿ ತೆರೆಸಿ ನೀರು ಹೊಯ್ಯಬೇಡಿ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ತಾಗಿಸಿ, ಅದೇ ನೆಕ್ಕಿಕೊಳ್ಳಲಿ.


ಹೊಳೆಬದಿ ಮನೆ | ಬೆಳಿಗ್ಗೆ 9:48

ಡಾಕ್ಟ್ರೇ, ತುಂಬಾ ಉಪಕಾರವಾಯಿತು. ತೊಳೆದೆವು. ಅತ್ತೆ ಕೆಂಪಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು, ನಾನು ನೀರು ಹಾಯಿಸಿದೆ. ಒಂದು ಸಲವೂ ಒದ್ದಾಡಲಿಲ್ಲ. ಗಾಯದೊಳಗಿಂದ ಮೂರು ಪುಕ್ಕದ ಚೂರು ಬಂತು.

ಆದರೆ ಈಗ ಇನ್ನೊಂದು ಕಾಣಿಸುತ್ತಿದೆ. ತೂತಿನ ಸುತ್ತ, ಪಕ್ಕೆಯ ಮೇಲೆ ಚರ್ಮ ಬಲೂನಿನ ಹಾಗೆ ಉಬ್ಬಿದೆ. ಬೆರಳಿಟ್ಟರೆ ಹುರಿದ ಹಪ್ಪಳ ಒತ್ತಿದಂತೆ ಸಣ್ಣಗೆ ಚರಚರ ಅನ್ನುತ್ತದೆ. ಇದು ಏನು? ಬಿಗಿಯಾಗಿ ಬಟ್ಟೆ ಕಟ್ಟಲೇ?


ಹಳೇ ಪಶುವೈದ್ಯ | ಬೆಳಿಗ್ಗೆ 9:55

ಕಟ್ಟಬೇಡಿ! ಕೋಳಿಗೆ ನಮ್ಮಂತೆ ವಪೆ (ಎದೆ ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ. ಎದೆಯ ಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಎದೆ ಸುತ್ತಿ ಬಿಗಿದರೆ ಉಸಿರುಗಟ್ಟುತ್ತದೆ.

ಹಲ್ಲು ಗಾಳಿಚೀಲಕ್ಕೆ ತಾಗಿ, ಒಳಗಿನ ಗಾಳಿ ಚರ್ಮದಡಿಗೆ ಸೇರಿದೆ. ಹಕ್ಕಿಗಳ ಮೈಯಲ್ಲಿ ಶ್ವಾಸಕೋಶಕ್ಕೆ ಸೇರಿದ ಹಾಗೆ ಗಾಳಿಚೀಲಗಳಿರುತ್ತವೆ. ಸಣ್ಣದಾದರೆ ಕೆಲವು ದಿನದಲ್ಲಿ ತಾನೇ ಇಳಿಯುತ್ತದೆ. ದೊಡ್ಡದಾಗುತ್ತಾ ಹೋದರೆ ವೈದ್ಯರು ಶುದ್ಧ ಸೂಜಿಯಿಂದ ಗಾಳಿ ತೆಗೆಯುತ್ತಾರೆ, ನೀವು ಚುಚ್ಚಬೇಡಿ. ಈಗ ಆಸ್ಪತ್ರೆಗೆ ಹೋಗುವುದು ಖಂಡಿತ ಬೇಕು. ಹೋಗುವಾಗ ಬುಟ್ಟಿಯಲ್ಲೇ ಒಯ್ಯಿರಿ, ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸಿಕೊಂಡಲ್ಲ.


ಕಡಲಕೆರೆ | ಉಡುಪಿ | ಬೆಳಿಗ್ಗೆ 10:40

ಡಾಕ್ಟ್ರ ಮಾತಿಗೆ ಎದುರಾಡುತ್ತಿಲ್ಲ. ಆದರೆ ನಮ್ಮಲ್ಲಿ ಊರ ಕೋಳಿಗೆ ಅರಿಶಿನ, ತೆಂಗಿನೆಣ್ಣೆ ಬಿಟ್ಟು ಬೇರೇನೂ ಹಚ್ಚಿದ್ದಿಲ್ಲ. ಅಜ್ಜಿಯ ಕಾಲದಿಂದ ನೋಡಿದ್ದೇನೆ, ವಾಸಿಯಾಗುತ್ತದೆ. ಎಲ್ಲಕ್ಕೂ ಇಂಗ್ಲಿಷ್ ಮದ್ದೇ ಆಗಬೇಕೆಂದಿಲ್ಲವಲ್ಲ?


ಹಳೇ ಪಶುವೈದ್ಯ | ಬೆಳಿಗ್ಗೆ 11:12

ಅಜ್ಜಿಯವರು ಮಾಡಿದ್ದು ತಪ್ಪಲ್ಲ. ಕುಕ್ಕಿ ಆದ ತರಚು ಗಾಯ, ಜುಟ್ಟಿನ ಗೀರು, ಕಾಲಿನ ಸಿಪ್ಪೆ ಎದ್ದದ್ದು, ಇದಕ್ಕೆಲ್ಲ ಅರಿಶಿನ ಚೆನ್ನಾಗಿದೆ. ಕೆಂಪು ಬಣ್ಣ ಮುಚ್ಚಿ ಬೇರೆ ಕೋಳಿಗಳ ಕಣ್ಣಿಂದಲೂ ತಪ್ಪಿಸುತ್ತದೆ. ತೊಂದರೆ ಇರುವುದು ಆಳವಾದ ತೂತಿನ ಮೇಲೆ ಅದನ್ನು ಮೆತ್ತಿ ಬಾಯಿ ಮುಚ್ಚಿಬಿಟ್ಟಾಗ. ಕೋಳಿಯ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಗಟ್ಟಿ ಹಳದಿ ಗಿಣ್ಣದ ಹಾಗೆ ಒಳಗೇ ಹೆಪ್ಪುಗಟ್ಟುತ್ತದೆ. ಮೇಲೆ ಮಾಯ್ದಂತೆ ಕಾಣುತ್ತದೆ, ಒಳಗೆ ಗಡ್ಡೆ. ಎಣ್ಣೆ ಪುಕ್ಕಕ್ಕೆ ಹರಡಿದರೆ ಪುಕ್ಕ ಅಂಟಿಕೊಂಡು ಮಳೆಗಾಲದಲ್ಲಿ ಚಳಿ ತಡೆಯುವುದಿಲ್ಲ. ಜೇನುತುಪ್ಪ ಮನೆಯದಿದ್ದರೆ, ತೊಳೆದ ಬೆನ್ನಿನ ಗಾಯಕ್ಕೆ ತೆಳುವಾಗಿ ಹಚ್ಚಬಹುದು.

ಎಲ್ಲರೂ ಗಮನಿಸಿ: ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಪುಡಿಮಾಡಿ ಕೊಡಬೇಡಿ. ಡೈಕ್ಲೊಫೆನಾಕ್ ಅಂತೂ ಮುಟ್ಟಲೇಬೇಡಿ. ಅದನ್ನು ಕೊಟ್ಟಿದ್ದ ದನಗಳ ಹೆಣ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು, 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನೇ ನಿಷೇಧಿಸಿದರು. ನೋವು ಶಮನಕ್ಕೆ ಹಕ್ಕಿಗೆ ಹೊಂದುವ ಔಷಧ ಬೇರೆ ಇದೆ, ವೈದ್ಯರನ್ನು ಕೇಳಿ.


ಕಡಲಕೆರೆ | ಉಡುಪಿ | ಬೆಳಿಗ್ಗೆ 11:20

ಗಡ್ಡೆಯ ವಿಷಯ ಓದಿ ಹೋದ ವರ್ಷ ಸತ್ತ ನಮ್ಮ ಬಿಳಿ ಹೇಂಟೆ ನೆನಪಾಯಿತು. ಗಾಯ ವಾಸಿಯಾದ ಮೇಲೆ ಸತ್ತಿತು ಅಂದುಕೊಂಡಿದ್ದೆವು. ತೊಡೆಯ ಹತ್ತಿರ ಗಟ್ಟಿ ಗಂಟಿತ್ತು. ಈಗ ಅರ್ಥವಾಯಿತು.


ಜವಾರಿ ಕೋಳಿ | ಧಾರವಾಡ | ಮಧ್ಯಾಹ್ನ 1:15

ಅಕ್ಕಾರ, ನಂದೊಂದು ಮಾತು ಕೇಳ್ರಿ. ಮಳಿಗಾಲದಾಗ ನೊಣದ ಕಡೆ ಭಾಳ ಲಕ್ಷ್ಯ ಇರಲಿ. ನಮ್ಮ ಹುಂಜಕ್ಕ ನಾಯಿ ಹಿಡಿದಾಗ ಗಾಯ ತೊಳದು ಪಡಸಾಲ್ಯಾಗ ಇಟ್ಟಿದ್ವಿ. ಮರುದಿನ ಸಂಜಿಮುಂದ ನೋಡಿದ್ರ ಬಾಲದ ಬುಡಕ್ಕ ಅಕ್ಕಿ ನುಚ್ಚು ಅಂಟಿಧಂಗ ಬೆಳ್ಳಗ ಕಾಣ್ತಿತ್ತು. ನುಚ್ಚು ಅಲ್ರಿ ಅದು, ನೊಣದ ತತ್ತಿ. ಕೆಲವು ಆಗಲೇ ಹುಳ ಆಗಿದ್ವು. ಚಿಮಟದಿಂದ ಒಂದೊಂದೇ ತಗದು ಮತ್ತ ಉಪ್ಪುನೀರು ಹಾಯ್ಸಿ ಹಾಯ್ಸಿ ತೊಳದ್ವಿ, ಎರಡು ತಾಸು ಹಿಡೀತು. ದನಕ್ಕ ಹಾಕೋ ಟರ್ಪೆಂಟೈನ್ ಎಣ್ಣಿ ಹಾಕಬ್ಯಾಡ್ರಿ, ಕೋಳಿ ಚರ್ಮ ತಡಿಯಂಗಿಲ್ಲ. ಬುಟ್ಟಿ ಮ್ಯಾಲ ತೆಳ್ಳನ ಸೀರಿ ಅರಿವಿ ಇಲ್ಲಾ ಸೊಳ್ಳಿಪರದಿ ಹೊದಸ್ರಿ. ಹೇಲು ಬಿದ್ದ ಅರಿವಿ ದಿನಕ್ಕ ಎರಡು ಸಲ ಬದಲಿ ಮಾಡ್ರಿ. ದಿನಾ ಮುಂಜಾನಿ ಸಂಜಿ ಗಾಯ ಒಂದ ಅಲ್ಲ, ಗುದದ ಸುತ್ತನೂ ನೋಡ್ರಿ. ಹುಂಜ ಉಳೀತು, ಇವತ್ತಿಗೂ ಐತಿ.


ಹೊಳೆಬದಿ ಮನೆ | ಸಂಜೆ 5:30

ಆಸ್ಪತ್ರೆಗೆ ಹೋಗಿಬಂದೆವು. ಇಂಜೆಕ್ಷನ್ ಕೊಟ್ಟರು, ಐದು ದಿನಕ್ಕೆ ಔಷಧ ಬರೆದಿದ್ದಾರೆ. ಗಾಳಿ ತೆಗೆಯುವ ಅಗತ್ಯ ಈಗಿಲ್ಲ ಅಂದರು. ಔಷಧ ಮುಗಿದ ಮೇಲೂ ಕೆಲವು ದಿನ ಇದರ ಮೊಟ್ಟೆ ತಿನ್ನಬಾರದು ಅಂತ ದಿನಾಂಕ ಬರೆದು ಕೊಟ್ಟಿದ್ದಾರೆ. ಡಬ್ಬಿಗೆ ಅಂಟಿಸಿದ್ದೇನೆ. ಜವಾರಿ ಕೋಳಿಯಣ್ಣ, ಸೊಳ್ಳೆಪರದೆ ಹೊದಿಸಿ ಆಯಿತು.

ಕೆಂಪಿ ಇನ್ನೂ ಏನೂ ತಿಂದಿಲ್ಲ. ಹಿಕ್ಕೆ ಹಸಿರು ಹಸಿರಾಗಿದೆ.


ಹಳೇ ಪಶುವೈದ್ಯ | ಸಂಜೆ 6:02

ಹೊಟ್ಟೆ ಖಾಲಿ ಇದ್ದರೆ ಹಿಕ್ಕೆ ಹಾಗೆ ಹಸಿರಾಗುತ್ತದೆ, ಪಿತ್ತದ ಬಣ್ಣ ಅದು. ಇವತ್ತು ರಾತ್ರಿ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕೊಕ್ಕಿಗೆ ಆಗಾಗ ತಾಗಿಸಿ. ನಾಳೆ ಬೆಳಿಗ್ಗೆ ಬೇಯಿಸಿದ ಮೊಟ್ಟೆಯ ಹಳದಿ ಕಿವುಚಿ ಇಡಿ. ಇಟ್ಟು ನೀವು ಆಚೆ ಹೋಗಿ, ನೋಡುತ್ತಾ ಕೂತರೆ ತಿನ್ನುವುದಿಲ್ಲ.


ತೋಟದ ಕಾವಲು | ಮೂಡಿಗೆರೆ | ರಾತ್ರಿ 8:10

ಕೋಳಿಯ ವಿಷಯ ಡಾಕ್ಟ್ರು ನೋಡಿಕೊಂಡರು. ನುಗ್ಗಿದ ಪ್ರಾಣಿಯ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಒಮ್ಮೆ ರುಚಿ ಕಂಡದ್ದು ಇವತ್ತು ರಾತ್ರಿ ಮತ್ತೆ ಬಂದೇ ಬರುತ್ತದೆ.

ಯಾವುದು ಬಂತು ಅಂತ ತಿಳಿಯದೆ ಬಂದೋಬಸ್ತ್ ಮಾಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಒಲೆಯ ಬೂದಿಯನ್ನು ಜರಡಿ ಹಿಡಿದು, ಒಡ್ಡಿಯ ಬಾಗಿಲ ಮುಂದೆ ಸೂರಿನಡಿ ಮಳೆಹನಿ ಬೀಳದ ಜಾಗದಲ್ಲಿ ತೆಳುವಾಗಿ ಹರಡಿಡಿ. ಬೆಳಿಗ್ಗೆ ಹೆಜ್ಜೆ ಅಚ್ಚೊತ್ತಿದಂತೆ ಇರುತ್ತದೆ. ಹೆಜ್ಜೆ ದುಂಡಗಿದ್ದು, ನಾಲ್ಕು ಬೆರಳು, ಉಗುರಿನ ಗುರುತಿಲ್ಲದಿದ್ದರೆ ಬೆಕ್ಕಿನ ಜಾತಿ. ನಾಲ್ಕು ಬೆರಳಿನ ಮುಂದೆ ಉಗುರು ಚುಕ್ಕಿಯಂತೆ ಕಂಡರೆ ನಾಯಿ ಅಥವಾ ನರಿ. ಸಣ್ಣ ಹೆಜ್ಜೆ, ಉದ್ದ ಉಗುರಿನ ಗೀರು ಇದ್ದರೆ ಮುಂಗುಸಿ. ಹೆಜ್ಜೆಯೇ ಇಲ್ಲದೆ ಅಲೆಅಲೆಯಾಗಿ ಒರೆಸಿದಂತಿದ್ದರೆ ಹೇಳಬೇಕಾಗಿಲ್ಲ.

ಹೊತ್ತೂ ಸುಳಿವು ಕೊಡುತ್ತದೆ. ಮುಂಗುಸಿ ಹಗಲಿನದು, ಕುತ್ತಿಗೆಗೆ ಕಚ್ಚುತ್ತದೆ, ಹೊತ್ತೊಯ್ಯಲಾಗದಿದ್ದರೂ ಎರಡು ಮೂರು ಕೊಂದು ಹಾಕಿಬಿಡುತ್ತದೆ. ಬೀದಿನಾಯಿ ಬಂದರೆ ಅಂಗಳವೆಲ್ಲ ಪುಕ್ಕ, ತಿನ್ನದೆ ಹರಿದು ಬಿಟ್ಟಿರುತ್ತದೆ. ಮರಿ ಮಾತ್ರ ಒಂದೊಂದೇ ಕಾಣೆಯಾಗುತ್ತಿದ್ದು ಗೂಡಿನ ಪಕ್ಕ ಬಿಲ ಇದ್ದರೆ ಹೆಗ್ಗಣ. ಮೊಟ್ಟೆ ಸಿಪ್ಪೆ ಸಮೇತ ಮಾಯವಾದರೆ ಹಾವು ಅಥವಾ ಉಡ. ಸತ್ತ ಮರಿಯ ತಲೆ, ಕುತ್ತಿಗೆ ಒದ್ದೆಯಾಗಿ ಪುಕ್ಕ ಅಂಟಿಕೊಂಡಿದ್ದರೆ ಹಾವು ನುಂಗಲು ನೋಡಿ ಬಿಟ್ಟಿದೆ ಅಂತಲೇ ಅರ್ಥ. ನಿಮ್ಮದು ನಸುಕಿನಲ್ಲಿ ಆಗಿದೆ, ಒಂದನ್ನೇ ಹೊತ್ತೊಯ್ದಿದೆ, ಗಾಯದಲ್ಲಿ ಜೋಡಿ ಹಲ್ಲಿನ ತೂತು. ಕಾಡುಬೆಕ್ಕು ಇರಬಹುದು ಅಂತ ನನ್ನ ಅಂದಾಜು. ಬೂದಿ ಹೇಳುತ್ತದೆ.

ಉಳಿದ ಕೋಳಿಗಳನ್ನು ಇವತ್ತೊಂದು ರಾತ್ರಿ ಕೊಟ್ಟಿಗೆಯಲ್ಲೋ ಸೌದೆ ಮನೆಯಲ್ಲೋ ಬಾಗಿಲು ಹಾಕಿ ಕೂಡಿ.


ಹೊಳೆಬದಿ ಮನೆ | ಜುಲೈ 10, ಬೆಳಿಗ್ಗೆ 6:40

ಕೋಳಿಗಳನ್ನು ಸ್ನಾನದ ಮನೆಯಲ್ಲಿ ಕೂಡಿದ್ದೆವು. ಬೂದಿಯ ಮೇಲೆ ಹೆಜ್ಜೆ ಬಿದ್ದಿದೆ! ದುಂಡಗೆ, ನಾಲ್ಕು ಬೆರಳು, ಉಗುರಿಲ್ಲ. ನಮ್ಮ ಮನೆ ಬೆಕ್ಕಿನ ಕಾಲನ್ನು ಪಕ್ಕದಲ್ಲಿ ಒತ್ತಿ ನೋಡಿದೆ, ಅದಕ್ಕಿಂತ ಇದು ಸಾಕಷ್ಟು ದೊಡ್ಡದು. ಬಾಗಿಲ ತನಕ ಬಂದು, ಪೂರ್ತಿ ಒಂದು ಸುತ್ತು ಹಾಕಿ, ಎಡಮೂಲೆಗೆ ಹೋಗಿದೆ. ಆ ಮೂಲೆಯಲ್ಲಿ ಮಳೆನೀರು ಹರಿದು ಪಾಯದ ಮಣ್ಣು ಕೊಚ್ಚಿಹೋಗಿ ನನ್ನ ಅಂಗೈ ಹೋಗುವಷ್ಟು ಸಂದಾಗಿದೆ. ನಾವು ದಿನಾ ಬಾಗಿಲಿನ ಚಿಲಕ ನೋಡುತ್ತಿದ್ದೆವು, ಆ ಮೂಲೆಯನ್ನು ಯಾರೂ ನೋಡಿರಲಿಲ್ಲ.

ಪಕ್ಕದ ಮನೆಯ ಅಣ್ಣ ಹೆಜ್ಜೆ ನೋಡಿ, ಈಗಂತೂ ಉರುಳೇ ಸರಿ ಅನ್ನುತ್ತಿದ್ದಾರೆ. ಹಿರಿಯರು, ನಮ್ಮ ಒಳ್ಳೆಯದಕ್ಕೇ ಹೇಳುವವರು. ಅವರಿಗೆ ಹೇಗೆ ಬೇಡ ಅನ್ನಲಿ?


ಬೇಲಿ ಬದಿ | ಸಕಲೇಶಪುರ | ಬೆಳಿಗ್ಗೆ 7:25

ಅಕ್ಕಾ, ಅವರಿಗೆ ನನ್ನ ವಿಷಯ ಹೇಳಿ. ಆರು ವರ್ಷದ ಹಿಂದೆ ನಾನೂ ಬೇಲಿಯ ಕಂಡಿಯಲ್ಲಿ ಬೈಕಿನ ಕೇಬಲ್ ತಂತಿಯಿಂದ ಉರುಳು ಕಟ್ಟಿದ್ದೆ. ಬೆಳಿಗ್ಗೆ ಅದರಲ್ಲಿ ಸಿಕ್ಕಿದ್ದು ನಮ್ಮದೇ ನಾಯಿ. ಸೊಂಟಕ್ಕೆ ಬಿಗಿದಿತ್ತು. ರಾತ್ರಿಯಿಡೀ ಎಳೆದಾಡಿ ತಂತಿ ಮಾಂಸಕ್ಕೆ ಇಳಿದಿತ್ತು. ನಾನು ಹತ್ತಿರ ಹೋದಾಗ ಬಾಲ ಆಡಿಸಿತು. ಉಳಿಯಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ತಂತಿ ಅನ್ನುವುದು ಬಟ್ಟೆ ಒಣಹಾಕಲು ಮಾತ್ರ.

ಕಾಡುಬೆಕ್ಕು, ಮುಂಗುಸಿ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಉರುಳು, ವಿಷ ಎರಡೂ ಅಪರಾಧ. ವಿಷ ಬೆರೆಸಿದ ಮಾಂಸ ಇಟ್ಟರೆ ಅದನ್ನು ಬೆಕ್ಕೇ ತಿನ್ನುತ್ತದೆ ಅಂತ ಏನಿದೆ? ಕಾಗೆ, ನಾಯಿ, ಹೊಳೆಯ ಮೀನು, ಎಲ್ಲಿಗೆ ಹೋಗಿ ಮುಟ್ಟುತ್ತದೋ.


ತೋಟದ ಕಾವಲು | ಮೂಡಿಗೆರೆ | ಬೆಳಿಗ್ಗೆ 8:00

ಅವರಿಗೆ ಇನ್ನೊಂದು ಲೆಕ್ಕವನ್ನೂ ಹೇಳಿ. ಕಾಡುಬೆಕ್ಕಿನ ಮುಖ್ಯ ಆಹಾರ ಇಲಿ. ಗದ್ದೆ ಅಂಚಿನಲ್ಲಿ ಅದು ಓಡಾಡುತ್ತಿದೆ ಅಂದರೆ ಭತ್ತಕ್ಕೆ ಕಾವಲಿದೆ ಅಂತ. ಇದನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಸಂದು ಮಾತ್ರ ಹಾಗೇ ಇರುತ್ತದೆ. ಅಣ್ಣನವರನ್ನೇ ಕರೆದು, ಉರುಳು ಕಟ್ಟುವ ಬದಲು ಆ ಮೂಲೆಗೆ ಕಲ್ಲು ಕೂರಿಸಿಕೊಡಿ ಅಂತ ಕೇಳಿ. ಸಹಾಯ ಮಾಡಬೇಕು ಅನ್ನುವವರಿಗೆ ಕೆಲಸ ಕೊಟ್ಟರೆ ಬೇಸರವಾಗುವುದಿಲ್ಲ.

ಮೂಲೆ ತುಂಬಿದರೆ ಸಾಲದು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ತನ್ನಿ. ಪೇಟೆಯಲ್ಲಿ ಕೋಳಿ ಜಾಲರಿ ಅಂತ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡಲು ಆಗುತ್ತದೆ, ಪ್ರಾಣಿಯನ್ನು ಹೊರಗಿಡಲು ಆಗುವುದಿಲ್ಲ. ಅದರ ಕಣ್ಣಿನಲ್ಲಿ ಪಂಜ ಹಾಕಿ ಮಲಗಿದ ಕೋಳಿಯನ್ನು ಎಳೆಯುತ್ತವೆ.


ಎಲ್ಲೋ ದೂರದ ಹಿತ್ತಲು | ಮೆಲ್ಬರ್ನ್ | ಬೆಳಿಗ್ಗೆ 8:35

ಇಲ್ಲಿ ಊರೊಳಗೇ ನರಿಗಳ ಕಾಟ. ಮೆಶ್ ನೆಟ್ಟಗೆ ಹೂಳುವುದಕ್ಕಿಂತ ನಮಗೆ ಚೆನ್ನಾಗಿ ಆಗಿಬಂದದ್ದು, ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ನೆಲದ ಮೇಲೆ ಸೀರೆಯ ನೆರಿಗೆ ಹಾಸಿದಂತೆ ಮೆಶ್ ಹಾಸಿ ಕಲ್ಲು ಹೇರುವುದು. ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯಲು ನೋಡುತ್ತದೆ, ಕಾಲಡಿಯಲ್ಲಿ ತಂತಿ ಸಿಕ್ಕಿ ಬಿಟ್ಟುಬಿಡುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವ ಬುದ್ಧಿ ಅದಕ್ಕೆ ಬರುವುದಿಲ್ಲ. ಹುಲ್ಲು ಬೆಳೆದ ಮೇಲೆ ಮೆಶ್ ಕಾಣುವುದೂ ಇಲ್ಲ.


ತಾರಸಿ ಕೋಳಿ | ಬೆಂಗಳೂರು | ಬೆಳಿಗ್ಗೆ 9:10

ನಮ್ಮಲ್ಲಿ ಹದ್ದು, ಹೆಗ್ಗಣ ಎರಡೇ. ಹದ್ದಿಗೆ ಮೇಲೆ ನೆರಳು ಬಲೆ ಕಟ್ಟಿ, ಮರಿಗಳು ನುಗ್ಗಿ ಅಡಗಲು ಕರಿಬೇವು, ದಾಸವಾಳದ ಕುಂಡ ಒತ್ತೊತ್ತಾಗಿ ಇಟ್ಟ ಮೇಲೆ ಒಂದೂ ಹೋಗಿಲ್ಲ. ತಾಯಿ ಕೋಳಿ ಒಂದು ಸಲ ಕುರ್ರ್ ಅಂದರೆ ಮರಿಗಳು ಕುಂಡದ ಸಂದಿಗೆ ಸೇರಿರುತ್ತವೆ. ಹೆಗ್ಗಣಕ್ಕೆ ರಾತ್ರಿ ಮೇವಿನ ತಟ್ಟೆ ಎತ್ತಿಡುವುದೊಂದೇ ಮದ್ದು.


ಕಡಲಕೆರೆ | ಉಡುಪಿ | ಬೆಳಿಗ್ಗೆ 10:05

ಹಾವಿನ ಮಾತು ಬಂತಲ್ಲ, ಒಂದು ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಗೂಡಿನಲ್ಲಿ ಬೆಳಿಗ್ಗೆ ಹೆಬ್ಬಾವು ಸುತ್ತಿಕೊಂಡು ಕೂತಿತ್ತು. ಬರುವಾಗ ಮರದ ಪಟ್ಟಿಗಳ ಸಂದಿಯಲ್ಲಿ ಬಂದಿದೆ, ಕೋಳಿ ನುಂಗಿದ ಮೇಲೆ ಹೊಟ್ಟೆ ಉಬ್ಬಿ ಅದೇ ಸಂದಿಯಲ್ಲಿ ಹೊರಹೋಗಲಾಗಿಲ್ಲ. ಉಳಿದ ಕೋಳಿಗಳು ಮೇಲಿನ ಅಡ್ಡಗೋಲಿನಲ್ಲಿ ಉಸಿರು ಬಿಡದೆ ಕೂತಿದ್ದವು. ನಾವು ಬಾಗಿಲು ಮುಚ್ಚಿ ಅರಣ್ಯ ಇಲಾಖೆಗೆ ತಿಳಿಸಿದೆವು, ಬಂದು ಹಿಡಿದು ಕಾಡಿಗೆ ಬಿಟ್ಟರು. ಸಹಾಯವಾಣಿ 1926.

ನಮ್ಮಲ್ಲಿ ಬೆಳ್ಳುಳ್ಳಿ ನೀರು ಚಿಮುಕಿಸುತ್ತಿದ್ದರು, ಫಿನಾಯಿಲ್ ಸುರಿಯುತ್ತಿದ್ದರು. ಹೆಬ್ಬಾವು ಬಂದ ದಿನವೂ ಫಿನಾಯಿಲ್ ವಾಸನೆ ಗಮ್ಮೆಂದು ಹೊಡೆಯುತ್ತಿತ್ತು. ಹಾವುಗಳು ಇವು ಯಾವುದಕ್ಕೂ ನಿಲ್ಲುವುದಿಲ್ಲ. ನೆಲಕ್ಕೆ ಬಿದ್ದ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಕೇರೆ, ನಾಗರ ಬರುತ್ತವೆ. ಗೂಡಿನ ಸುತ್ತ ಹತ್ತು ಅಡಿ ಹುಲ್ಲು, ತೆಂಗಿನ ಗರಿ, ಹಂಚಿನ ರಾಶಿ ಇರಬಾರದು. ಸಂಜೆಯೇ ಮೊಟ್ಟೆ ತೆಗೆದುಬಿಡಬೇಕು. ಪ್ಲಾಸ್ಟಿಕ್ ಬಲೆ ನೆಲಕ್ಕೆ ತಾಗುವಂತೆ ಕಟ್ಟಬೇಡಿ, ಹಾವು ಅದರಲ್ಲಿ ಸಿಕ್ಕಿ ಒದ್ದಾಡಿ ಸಾಯುತ್ತದೆ, ಬಿಡಿಸಲು ಹೋದವರಿಗೂ ಅಪಾಯ.


ತೋಟದ ಕಾವಲು | ಮೂಡಿಗೆರೆ | ಬೆಳಿಗ್ಗೆ 10:30

ಕಾಳಿಂಗ ಕಂಡರೆ ಕೋಳಿಗೆ ಬಂತು ಅಂತ ನಮ್ಮ ಕಡೆ ಕೆಲವರು ದೊಣ್ಣೆ ಎತ್ತುತ್ತಾರೆ. ಅದರ ಆಹಾರ ಬೇರೆ ಹಾವುಗಳು. ಕೋಳಿಗೂಡಿನ ಹತ್ತಿರ ಬಂದಿದ್ದರೆ ಕೇರೆ ಹಾವಿನ ಜಾಡು ಹಿಡಿದು ಬಂದಿರುತ್ತದೆ. ದೂರ ನಿಂತು, ಹಿಡಿಯಲು ಬಲ್ಲವರಿಗೆ ತಿಳಿಸಿ.


ಹಳೇ ಪಶುವೈದ್ಯ | ಬೆಳಿಗ್ಗೆ 11:00

ಮನುಷ್ಯರ ಬಗ್ಗೆಯೂ ಒಂದು ಮಾತು ಬಿಟ್ಟುಹೋಗಿದೆ. ಬಿಡಿಸಲು ಹೋಗಿ ಬೆಕ್ಕು, ನಾಯಿ, ಮುಂಗುಸಿ ಯಾವುದಾದರೂ ನಿಮ್ಮ ಕೈಗೆ ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ರೇಬೀಸ್ ಲಸಿಕೆಗೆ ಹೋಗಿ. ಕೋಳಿಯ ಗಾಯ ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆಯಿರಿ. ಗಾಯದ ಗುರುತೇ ಇಲ್ಲದೆ ಕೋಳಿ ಕತ್ತು ತಿರುಚಿಕೊಂಡು ಸುತ್ತುತ್ತಿದ್ದರೆ ಅದನ್ನು ಏಟು ಅಂದುಕೊಳ್ಳಬೇಡಿ. ಕೊಕ್ಕರೆ ರೋಗದಲ್ಲಿ ಹಾಗಾಗುತ್ತದೆ, ಉಳಿದವಕ್ಕೆ ಹರಡುತ್ತದೆ.


ಹೊಳೆಬದಿ ಮನೆ | ಜುಲೈ 14, ರಾತ್ರಿ 8:50

ನಾಲ್ಕು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಒಡ್ಡಿಯ ಕೆಲಸವೇ ಆಯಿತು. ಅಣ್ಣನವರನ್ನು ಕರೆದು ನೀವು ಹೇಳಿದ ಹಾಗೇ ಕೇಳಿದೆ. ಬೇಲಿ ಬದಿಯವರ ನಾಯಿಯ ವಿಷಯವನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾರೆ ತರುತ್ತೇನೆ ಅಂತ ಹೋದರು. ಎರಡು ದಿನ ಜೊತೆಗೆ ನಿಂತು ಮೂಲೆಗೆ ಕಲ್ಲು ಕೂರಿಸಿ, ಸುತ್ತ ಹೊರಕ್ಕೆ ಒಂದೂವರೆ ಅಡಿ ಮೆಶ್ ಹಾಸಿ, ಮೇಲೆ ಜಂಬಿಟ್ಟಿಗೆ ಚೂರು ಹೇರಿಕೊಟ್ಟರು. ಒಡ್ಡಿಯ ಮೇಲೆ ಬಾಗಿದ್ದ ಹಲಸಿನ ಟೊಂಗೆಯನ್ನೂ ಕಡಿದರು. ಚಿಲಕದ ಜೊತೆಗೆ ಅಡ್ಡ ಕೊಂಡಿ ಹಾಕಿಸಿದ್ದೇವೆ.

ಬೂದಿ ದಿನಾ ಹರಡುತ್ತಿದ್ದೇನೆ. 12ರ ರಾತ್ರಿ ಬಂದಿತ್ತು. ಮೂಲೆಗೆ ಹೋಗಿದೆ, ಅಲ್ಲೇ ನಾಲ್ಕಾರು ಸಲ ಹೆಜ್ಜೆ ಒತ್ತಿದೆ, ಮೆಶ್ ಕೆರೆದ ಗುರುತೂ ಇದೆ. ನಿನ್ನೆ ಬಂದಿಲ್ಲ.

ಕೆಂಪಿ ಮೂರನೇ ದಿನ ಮೊಟ್ಟೆಯ ಹಳದಿ ತಿಂದಿತು. ಪಕ್ಕೆಯ ಉಬ್ಬು ಇಳಿದಿದೆ. ಬೆನ್ನಿನ ಮೇಲೆ ಕಂದು ಬಣ್ಣದ ಹಕ್ಕಳೆ ಕಟ್ಟಿದೆ. ತಟ್ಟಿದರೆ ಒಣಗಿದ ಹಾಳೆಯಂತೆ ಸದ್ದು. ಅತ್ತೆ ಅದನ್ನು ತೆಗೆಯೋಣವೇ ಅಂತ ಕೇಳುತ್ತಿದ್ದಾರೆ.


ಹಳೇ ಪಶುವೈದ್ಯ | ರಾತ್ರಿ 9:15

ತೆಗೆಯಬೇಡಿ ಅಂತ ಹೇಳಿ ಅಮ್ಮನವರಿಗೆ. ಅದರಡಿಯಲ್ಲೇ ಹೊಸ ಚರ್ಮ ಬರುತ್ತಿದೆ. ಅಂಚಿನಿಂದ ತಾನಾಗಿ ಏಳುತ್ತದೆ. ವಾಸನೆ ಬಂದರೆ, ಅಂಚು ಕೆಂಪೇರಿ ಊದಿಕೊಂಡರೆ ಮಾತ್ರ ತೋರಿಸಿ. ಹಕ್ಕಳೆ ಬಿದ್ದು ಚರ್ಮ ಮುಚ್ಚುವ ತನಕ ಮಣ್ಣುಸ್ನಾನಕ್ಕೆ ಬಿಡಬೇಡಿ.


ಹೊಳೆಬದಿ ಮನೆ | ಆಗಸ್ಟ್ 3, ಸಂಜೆ 4:20

ಹಕ್ಕಳೆ ಬಿತ್ತು. ಕೆಳಗೆ ಗುಲಾಬಿ ಚರ್ಮ, ಅದರಲ್ಲಿ ಈಚಲು ಮುಳ್ಳಿನಂತೆ ಹೊಸ ಪುಕ್ಕದ ಮೊಳಕೆ. ನಿನ್ನೆ ಹಗಲು ಕೆಂಪಿಯನ್ನು ಗುಂಪಿಗೆ ಬಿಟ್ಟೆ. ಎಲ್ಲವೂ ಸೇರಿ ಅಟ್ಟಿಸಿಕೊಂಡು ಹೋದವು. ಕರಿ ಹೇಂಟೆ ಜುಟ್ಟಿಗೇ ಬಾಯಿ ಹಾಕಿತು. ಮೂರು ವಾರಕ್ಕೇ ಪರಕೀಯವಾಗಿಬಿಟ್ಟಿತಾ?


ಮಂಕರಿ | ಮಂಡ್ಯ | ಸಂಜೆ 4:45

ಆಗುತ್ತೆ ಅಕ್ಕಾ. ಅವುಗಳಲ್ಲಿ ಮೇಲು ಕೆಳಗಿನ ಸಾಲಿರುತ್ತೆ, ನಡುವಿನಿಂದ ಒಂದು ಹೋದರೆ ಸಾಲು ಮುಚ್ಚಿಕೊಳ್ಳುತ್ತೆ. ಒಡ್ಡಿಯೊಳಗೇ ಮೆಶ್ ಅಡ್ಡ ಕಟ್ಟಿ ಕೆಂಪಿಯನ್ನು ನಾಲ್ಕೈದು ದಿನ ಆ ಕಡೆ ಇಡಿ, ನೋಡಲಿ, ಮುಟ್ಟಲಾಗಬಾರದು. ಗುಂಪಿನಲ್ಲಿ ಸಾಧು ಒಂದನ್ನು ಜೊತೆಗೆ ಬಿಡಿ. ಕೊನೆಗೆ ಅಡ್ಡ ತೆಗೆಯುವುದು ರಾತ್ರಿ, ಎಲ್ಲವೂ ಅಡ್ಡಗೋಲಿನಲ್ಲಿ ಕೂತ ಮೇಲೆ. ಬೆಳಿಗ್ಗೆ ಮೇವು ಎರಡು ಕಡೆ ಹಾಕಿ.


ಹೊಳೆಬದಿ ಮನೆ | ಆಗಸ್ಟ್ 11, ಬೆಳಿಗ್ಗೆ 7:10

ಮಂಕರಿಯಣ್ಣ ಹೇಳಿದಂತೆ ಮಾಡಿದೆ. ಜೊತೆಗೆ ಬಿಟ್ಟದ್ದು ಬೂದು ಹೇಂಟೆಯನ್ನು. ಮೊನ್ನೆ ರಾತ್ರಿ ಅಡ್ಡ ತೆಗೆದೆ. ನಿನ್ನೆ ಕರಿ ಹೇಂಟೆ ಎರಡು ಸಲ ಕುಕ್ಕಿತು, ಇವತ್ತು ಒಂದೇ ತಟ್ಟೆಯಲ್ಲಿ ತಿನ್ನುತ್ತಿವೆ. ಕೆಂಪಿ ಮಾತ್ರ ಮೊದಲು ಕೂರುತ್ತಿದ್ದ ಎಡಮೂಲೆಗೆ ಹೋಗುತ್ತಿಲ್ಲ, ಬಾಗಿಲ ಪಕ್ಕದ ಗೋಲಿನಲ್ಲಿ ಬೂದುವಿಗೆ ಒತ್ತಿಕೊಂಡು ಕೂರುತ್ತದೆ. ಅತ್ತೆ ಅಲ್ಲಿಗೇ ಇನ್ನೊಂದು ಗೋಲು ಕಟ್ಟಿಸುತ್ತಿದ್ದಾರೆ. ಅಣ್ಣನವರು ಬಿದಿರು ಕಡಿಯಲು ಹೋಗಿದ್ದಾರೆ.